ಗೋಡೆಯಾಚೆಯ ರುಬ್ಬುಗುಂಡು

ಇವತ್ತು ಸಂಜೆ ಬಚ್ಚಲ ಕಡೆಯಿಂದ ಮೋರಿಯ ವಾಸನೆ ಬಂತು. ಮೊದಲ ಮಳೆಗೆ ಮಣ್ಣಿನ ಘಮ ಏಳುತ್ತದೆ, ಮನಸ್ಸು ಅರಳುತ್ತದೆ ಎಂದೆಲ್ಲ ಬರೆಯುವವರು ಗಂಗಾನಗರದ ನಮ್ಮ ಇಳಿಜಾರು ಬೀದಿಯ ಕೊನೆಯಲ್ಲಿ ಒಂದೇ ಒಂದು ಮಳೆಗಾಲ ಕಳೆಯಲಿ. ನಮಗೆ ಮಳೆಯ ಸುದ್ದಿ ಬರುವುದು ಮೇಲಿನಿಂದಲ್ಲ, ಕೆಳಗಿನಿಂದ. ಮೊದಲು ಬಚ್ಚಲ ತೂತು ಗೊಳಗೊಳ ಎನ್ನುತ್ತದೆ. ಆಮೇಲೆ ಇಡೀ ಬೀದಿ ತೊಳೆದ ನೀರು, ಚಪ್ಪಲಿ ಬಿಡದ ನೆಂಟನ ಹಾಗೆ, ಸೀದಾ ನಡುಮನೆಗೆ ಬರುತ್ತದೆ.

ಇದಕ್ಕೆ ನಮಗೆ ಗೊತ್ತಿರುವ ಮದ್ದು ರುಬ್ಬುಗುಂಡು. ಹಳೆ ಸೀರೆಯನ್ನು ಉಂಡೆ ಮಾಡಿ ತೂತಿಗೆ ತುರುಕಿ, ಅದರ ಮೇಲೆ ಗುಂಡನ್ನು ಕೂರಿಸಬೇಕು. ಈಗಂತೂ ನಾನು ಹೋಟೆಲ್ ಇಡ್ಲಿ ತಿನ್ನುವವನು, ಮನೆಯಲ್ಲಿ ಗುಂಡಿಗೆ ಬೇರೆ ಕೆಲಸವೂ ಇಲ್ಲ. ಆದರೆ ನಾನೊಬ್ಬನೇ ಕೂರಿಸಿದರೆ ಸಾಲದು. ನಮ್ಮ ಮನೆಗೂ ಪಕ್ಕದ ಮೆಹರ್ ಖಾಲಾ ಮನೆಗೂ ನಡುವೆ ಒಂದೇ ಗೋಡೆ, ಎರಡು ಬಚ್ಚಲಿಗೂ ಒಂದೇ ಕೊಳವೆ. ನಾವು ಮುಚ್ಚಿದರೆ ನೀರು ಅವರಲ್ಲಿ ಏಳುತ್ತದೆ, ಅವರು ಮುಚ್ಚಿದರೆ ನಮ್ಮಲ್ಲಿ. ಮುಚ್ಚಿದರೆ ಇಬ್ಬರೂ ಒಟ್ಟಿಗೇ ಮುಚ್ಚಬೇಕು. ಎಪ್ಪತ್ತರ ದಶಕದಲ್ಲಿ ನಾನು ಚಡ್ಡಿ ಹಾಕುತ್ತಿದ್ದಾಗಿನಿಂದಲೂ, ಮೋರಿ ತುಂಬಿತೆಂದರೆ ಖಾಲಾ ಆ ಕಡೆಯಿಂದ ಲಟ್ಟಣಿಗೆಯಲ್ಲಿ ಗೋಡೆ ಬಡಿಯುತ್ತಿದ್ದರು.

"ಶಾರದಮ್ಮಾ, ಗುಂಡು ಇಟ್ರಾ ಕಿ ನೈ? ಜಲ್ದಿ!"

"ಇಟ್ಟೆ ಕಣ್ರೀ!" ಎಂದು ಅಮ್ಮ ಕೂಗುತ್ತಿದ್ದಳು.

ನಾನೋ, ಯಾರ ದನಿ ಕಿವಿಗೆ ಬಿದ್ದರೂ ಅದನ್ನು ಬಾಯಿಗೆ ಹಾಕಿಕೊಳ್ಳುವ ಕೋತಿ. ಒಮ್ಮೆ ಇಂಜಿನಿಯರೊಬ್ಬರು ಮೋರಿ ನೋಡಲು ಬಂದರು. ಪ್ಯಾಂಟು ಮಡಚಿ, ಮೂಗು ಹಿಡಿದುಕೊಂಡು, "ಇಲ್ಲಿಂದ ಮುಂದಕ್ಕೆ ನೀರ್ ಹರಿಯೋಕೆ ಇಳಿಜಾರು ಸಾಲ್ದು ಕಣ್ರೀ" ಎಂದು ಮೂಗಿನಲ್ಲೇ ಹೇಳಿ ಹೊರಟರು. ಅವರು ಬೀದಿ ದಾಟುವ ಮೊದಲೇ ಆ ಮೂಗುದನಿ ನನ್ನದಾಗಿತ್ತು. ಖಾಲಾ ಎದುರಿಗೇ ಖಾಲಾ ಥರ ಮಾತಾಡಿದ್ದೂ ಉಂಟು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬದ್ಮಾಶ್! ನಾನು ಹಿಂಗಾ ಮಾತಾಡೋದು? ಎಲ್ಲಾರ್ದೂ ಮಾಡ್ತೀಯಾ, ನಿಂದು ಯಾವಾಗ್ ಮಾಡ್ತೀಯಾ?"

"ನಂದು ಮಾಡ್ಬೇಕಾದ್ರೆ ಟಿಕೆಟ್ ಇಡ್ಬೇಕು ಖಾಲಾ."

ಅಮ್ಮ ತೀರಿಕೊಂಡ ವರ್ಷ ಮೊದಲ ದೊಡ್ಡ ಮಳೆಗೆ ಖಾಲಾ ಅಭ್ಯಾಸದಂತೆ ಗೋಡೆ ಬಡಿದರು. "ಶಾರದಮ್ಮಾ" ಎಂದವರು ಅಲ್ಲಿಗೇ ನಿಲ್ಲಿಸಿಬಿಟ್ಟರು. ನನಗೆ ತಾನೆ ಬೇರೇನು ಬರುತ್ತದೆ? "ಇಟ್ಟೆ ಕಣ್ರೀ!" ಎಂದೆ, ಥೇಟ್ ಅಮ್ಮನ ದನಿಯಲ್ಲಿ. ಆ ಕಡೆ ಲಟ್ಟಣಿಗೆ ಕೆಳಗಿಟ್ಟ ಸದ್ದಾಯಿತು.

"ನಕ್ಕೋ ಬೇಟಾ," ಎಂದರು ಖಾಲಾ. "ನಿನ್ ದನೀಲೇ ಹೇಳು."

ಹೇಳಿದೆ. ಅಷ್ಟು ಕಷ್ಟದ ಮಿಮಿಕ್ರಿ ಅದಕ್ಕೆ ಮೊದಲು ನಾನು ಮಾಡಿರಲಿಲ್ಲ.

ಈಗ ಖಾಲಾ ಮೊಮ್ಮಗಳ ಬಾಣಂತನಕ್ಕೆಂದು ಗುಲ್ಬರ್ಗಾಕ್ಕೆ ಹೋಗಿದ್ದಾರೆ. ಚಿಕ್ಕಬಾಣಾವರದಲ್ಲಿರುವ ಅವರ ಮಗನಿಗೆ ಈ ಮನೆಯೆಂದರೆ ಬೇಸರ. ಈ ಸಲವೂ ನೀರು ನುಗ್ಗಿ ಗೋಡೆ ಕೆಟ್ಟರೆ ಮನೆ ಮಾರಿ, ತಾಯಿಯನ್ನು ತನ್ನಲ್ಲೇ ಇಟ್ಟುಕೊಳ್ಳುತ್ತೇನೆ ಎಂದು ಪಟ್ಟು ಹಿಡಿದಿದ್ದಾನೆ. ಹೊರಡುವ ದಿನ ಖಾಲಾ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ನೀರ್ ಒಳಗ್ ಬಂದ್ರೆ ನಾನ್ ವಾಪಸ್ ಬರಕ್ಕೆ ಮನೇನೇ ಇರಲ್ಲ ಬೇಟಾ."

ತೂತು ಮುಚ್ಚಿಟ್ಟೇ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಅವರ ಮನೆಯೊಳಗೆ ಸಣ್ಣದೊಂದು ತೆರೆದ ಅಂಗಳವಿದೆ. ಅಲ್ಲಿ ಬಿದ್ದ ಮಳೆ ಹೊರಗೆ ಹೋಗುವುದೂ ಅದೇ ತೂತಿನಿಂದ. ಮೋರಿ ಉಕ್ಕಿದಾಗ ಮುಚ್ಚಬೇಕು, ಇಳಿದ ಕೂಡಲೇ ತೆಗೆಯಬೇಕು. ಮನೆಯಲ್ಲೊಬ್ಬ ಮನುಷ್ಯ ಬೇಕು, ಅಷ್ಟೇ.

ಇವತ್ತು ಗೊಳಗೊಳ ಕೇಳಿದ್ದೇ ತಡ, ನಮ್ಮ ತೂತಿಗೆ ಗುಂಡು ಕೂರಿಸಿ, ನೆನೆಯುತ್ತ ಪಕ್ಕದ ಮನೆಗೆ ಓಡಿದೆ. ಬೀಗ ತೆಗೆಯುವಷ್ಟರಲ್ಲಿ ಖಾಲಾ ಬಚ್ಚಲಲ್ಲಿ ಕಪ್ಪು ನೀರು ಕಟ್ಟೆಯ ಅಂಚಿಗೆ ಬಂದಿತ್ತು. ಬಟ್ಟೆ ತುರುಕಿ, ಅವರ ಗುಂಡನ್ನು ಕೂಸಿನಂತೆ ತಬ್ಬಿ ತಂದು, ಕೂರಿಸಿ ಒತ್ತಿದೆ. ನೀರು ನಿಂತಿತು. ನಡುಮನೆಯ ನೆಲ ಒಣಗಿಯೇ ಇತ್ತು.

ಗೆದ್ದ ಅಮಲಿನಲ್ಲಿ ಗೂಡಿನಲ್ಲಿದ್ದ ಲಟ್ಟಣಿಗೆ ಹಿಡಿದು ಗೋಡೆ ಬಡಿದೆ. ಖಾಲಾ ದನಿ ತೆಗೆದು ಕೂಗಿದೆ: "ಬೇಟಾ, ಗುಂಡು ಇಟ್ಯಾ ಕಿ ನೈ? ಜಲ್ದಿ!" ದನಿ ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ನಗು ಬಂತು.

ಗೋಡೆಯ ಆ ಕಡೆ ನನ್ನ ಮನೆ. ಉತ್ತರ ಬರಲಿಲ್ಲ.

ಬರುವುದಾದರೂ ಹೇಗೆ? ಉತ್ತರ ಕೊಡಬೇಕಾದವನು ಇಲ್ಲೇ ಲಟ್ಟಣಿಗೆ ಹಿಡಿದು ನಿಂತಿದ್ದೇನೆ. ಆದರೂ ಕಿವಿಗೊಟ್ಟು ಕಾದೆ, ನೋಡಿ. ಅಮ್ಮ ತೀರಿಕೊಂಡ ವರ್ಷ ಖಾಲಾ ನಿಂತಿದ್ದೂ ಇದೇ ಜಾಗದಲ್ಲಿ.

ಮೋರಿ ಇಳಿಯುವವರೆಗೂ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದೆ. ಆಮೇಲೆ ಗುಂಡು ಸರಿಸಿ, ಅಂಗಳದ ನೀರನ್ನು ಹೋಗಬಿಟ್ಟು, ಬೀಗ ಹಾಕಿ ಬಂದೆ. ನಮ್ಮನೆ ದೀಪ ಹಾಕಿದೆ. ತಲೆ ಒರೆಸಿಕೊಳ್ಳುವ ಮೊದಲು ಬಚ್ಚಲಿಗೆ ಹೋಗಿ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದೆ.

"ಇಟ್ಟೆ ಖಾಲಾ," ಎಂದೆ.

ಸ್ವಲ್ಪ ಒಡಕು ದನಿ. ನನ್ನದೇ.