ಗಿಡ ಒಣಗಿದರೆ ಹಿಗ್ಗುವ ಸೋಮನಿಂಗ

ದೇವರ ಹಿಪ್ಪರಗಿಯ ತೊಗರಿ ವಿಜ್ಞಾನಿ ಸೋಮನಿಂಗ ದಿನಾ ಚಹಾಕ್ಕೂ ಮೊದಲು ಹೊಲಕ್ಕೆ ಹೋಗಿ ಮಣ್ಣಿನೊಳಗಿನ ರೋಗಾಣುಗಳನ್ನು "ಎಲ್ಲಾರೂ ಆರಾಮ ಅದೀರಿ?" ಎಂದು ವಿಚಾರಿಸುತ್ತಾನೆ. ತೊಗರಿ ಗಿಡವನ್ನು ನಿಂತಲ್ಲೇ ಒಣಗಿಸುವ ನೆಟೆ ರೋಗಕ್ಕೆ ಬಗ್ಗದ ತಳಿ ಹುಡುಕಲು ಆ ಮಣ್ಣಿಗೆ ಬೇಕೆಂದೇ ರೋಗ ಬೆರೆಸಿದವನು ಅವನೇ. "ಮಂದಿ ಎಮ್ಮಿ ಸಾಕ್ತಾರ, ಇಂವ ರೋಗ ಸಾಕ್ಯಾನ!" ಎಂದು ಊರವರು ನಗುತ್ತಾರೆ. ಸಾಲುಸಾಲು ಗಿಡ ಒಣಗಿದರೆ ಅವನು "ಭಾಳ ಚಲೋ ಆತು, ರೋಗಕ್ಕ ಸೋಲೂವು ಬ್ಯಾರೆ ಆದುವು" ಎಂದು ಹಿಗ್ಗುತ್ತಾನೆ; ವಂಶವಾಹಿ ಪರೀಕ್ಷೆಗೆ ಎಲೆ ಚಿವುಟುವಾಗ ಮಾತ್ರ ಗಿಡದ ಕ್ಷಮೆ ಕೇಳುತ್ತಾನೆ. ಎಂಟು ವರ್ಷದ ಮೇಲೆ ಈ ಸಲ ಇನ್ನೂರರಲ್ಲಿ ಒಂದೇ ಒಂದು ಗಿಡ ಹಸಿರಾಗಿ ನಿಂತಿದೆ. ಅದರ ಎಲೆಯೊಂದು ಹಳದಿಯಾದ ದಿನ ಪಕ್ಕದ ಹೊಲದ ಲಕ್ಕವ್ವ ಪಂಪು ಹೊತ್ತು ಬಂದಳು: "ತಮ್ಮಾ, ಔಷಧ ಹೊಡೀತೇನಿ, ಇದಾದ್ರೂ ಉಳೀಲಿ." ಸೋಮನಿಂಗ ಕಣ್ಣೊರೆಸಿಕೊಂಡು ಕೈಮುಗಿದ: "ಬ್ಯಾಡ ಯವ್ವಾ. ಇದು ತಾನಾಗಿ ಉಳಿದ್ರಷ್ಟ ಇದರ ಬೀಜ ನಿನ್ನ ಹೊಲಕ್ಕ ಕೊಡಾಕ ಬರ್ತೈತಿ."