ಭದ್ರೇಶ್ವರನ ನಾಡಿನ ಅಕ್ಕ

ಜರ್ಮನಿಯ ಎಷ್‌ಬಾರ್ನ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ವಿಯೆಟ್ನಾಂ ಹೆಂಗಸೊಬ್ಬಳ ಅಂಗಡಿ ಇತ್ತು. ಆ ದೇಶ ಆಗ ಕಂಪ್ಯೂಟರಿನವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ನಮ್ಮವರಿಗೆ ಕೆಲಸ ಸಿಕ್ಕು ಧಾರವಾಡದಿಂದ ಬಂದ ಹೊಸತು. ಕೊತ್ತಂಬರಿ, ಬೆಂಡೆಕಾಯಿ, ಹಸಿಮೆಣಸಿನಕಾಯಿ ಕಣ್ಣಿಗೆ ಬೀಳುತ್ತಿದ್ದದ್ದು ಅಲ್ಲೊಂದೇ ಕಡೆ. ಒಳಗೆ ಕಾಲಿಟ್ಟರೆ ಮೀನಿನ ವಾಸನೆ. ವೇಲಿನ ತುದಿಯನ್ನು ಮೂಗಿಗೆ ಹಿಡಿದು, ಶಿವಾ ಎಂದು ತರಕಾರಿ ಆರಿಸಿಕೊಂಡು ಬರುತ್ತಿದ್ದೆ.

ಆಕೆ ನನಗಿಂತ ಹದಿನೈದು ವರ್ಷ ದೊಡ್ಡವಳು. ನಾನು ಅಕ್ಕ ಎಂದು ಕರೆದು ಅರ್ಥ ಹೇಳಿದೆ. ಅಂದಿನಿಂದ ಆಕೆಗೆ ನಾನು ತಂಗಿ. ಇಬ್ಬರದೂ ಮುರುಕು ಜರ್ಮನ್.

ಗಲ್ಲೆಯ ಹಿಂದೆ ಅವಳ ದೇಶದ ಕ್ಯಾಲೆಂಡರು ತೂಗುತ್ತಿತ್ತು, ತಿಂಗಳಿಗೊಂದು ಊರು. ಒಂದು ತಿಂಗಳು ಬಂದ ಚಿತ್ರ ನೋಡಿ ನಿಂತಲ್ಲೇ ಕೈ ಮುಗಿದೆ. ಕಾಡಿನ ನಡುವೆ ಕೆಂಪು ಇಟ್ಟಿಗೆಯ ಗೋಪುರ, ಎದುರಿಗೆ ಶಿವಲಿಂಗ! ಮೀ ಸನ್ ಅಂತ ಜಾಗದ ಹೆಸರು. ನಮ್ಮವರು ಆಫೀಸಿನ ಇಂಟರ್ನೆಟ್ಟಿನಲ್ಲಿ ಹುಡುಕಿ ಹೇಳಿದರು: ಸಾವಿರದೈನೂರು ವರ್ಷಕ್ಕೂ ಹಿಂದೆ ಚಾಮ್ ರಾಜರು ಅಲ್ಲಿ ಭದ್ರೇಶ್ವರ ಎಂಬ ಹೆಸರಿನಲ್ಲಿ ಶಿವನನ್ನು ಸ್ಥಾಪಿಸಿದ್ದರಂತೆ. ಮುಂದಿನ ವರ್ಷ ಊರಿಗೆ ಹೋಗುವಾಗ ಆ ದೇಶ ನೋಡಿಕೊಂಡೇ ಹೋಗಬೇಕೆಂದು ಹಟ ಹಿಡಿದೆ. ಏನೇನು ನೋಡಬೇಕು ಎಂದು ಅಕ್ಕನನ್ನೇ ಕೇಳಿದೆ.

ಅವಳು ಕ್ಯಾಲೆಂಡರು ಇಳಿಸಿ ಹಾಳೆ ತಿರುವಿದಳು.

"ಇದು ಹುಯೆ. ಅರಮನೆ ಚೆಂದ, ನದಿ ಚೆಂದ. ಯುದ್ಧದಲ್ಲಿ ಕಮ್ಯುನಿಸ್ಟರು ನನ್ನ ಸೋದರಮಾವನ ಕೈ ಹಿಂದಕ್ಕೆ ಕಟ್ಟಿ ಗುಂಡಿಗೆ ತಳ್ಳಿದ್ದು ಇಲ್ಲೇ. ಮಣ್ಣು ಮುಚ್ಚುವಾಗ ಜೀವ ಇತ್ತಂತೆ." ಇನ್ನೊಂದು ಹಾಳೆ. "ಇದು ಮೆಕಾಂಗ್ ನದಿ. ದೋಣಿಯ ಮೇಲೇ ಸಂತೆ, ಹಣ್ಣಿನ ರಾಶಿ. ತಪ್ಪದೆ ನೋಡು. ಯುದ್ಧ ಮುಗಿದ ಮೇಲೆ ನಾವು ದೇಶ ಬಿಟ್ಟು ಓಡಿದ್ದು ಇಲ್ಲಿಂದ. ನಡುಸಮುದ್ರದಲ್ಲಿ ಕಳ್ಳರು ದೋಣಿಗೆ ಹತ್ತಿದರು. ಅವರ ಕೈಗೆ ಸಿಗುವ ಬದಲು ನನ್ನ ತಂಗಿ ನೀರಿಗೆ ಹಾರಿದಳು."

"ಮತ್ತೆ ಗುಡಿ?" ಎಂದೆ. ಕೇಳಬಾರದಿತ್ತು.

"ನನ್ನ ಹಳ್ಳಿ ಅದರ ಹತ್ತಿರವೇ. ಅಮೆರಿಕದ ವಿಮಾನ ಬಂತು, ದೊಡ್ಡ ಗೋಪುರ ಬಿತ್ತು. ಅಣ್ಣ ಎಮ್ಮೆ ಹುಡುಕಲು ಹೋಗಿದ್ದ. ಎಮ್ಮೆಯ ತಲೆ ಸಿಕ್ಕಿತು. ಅಣ್ಣನದು ಒಂದು ಕಾಲು." ಕ್ಯಾಲೆಂಡರು ಮೊಳೆಗೆ ಸಿಕ್ಕಿಸಿ ಮುಂದುವರಿಸಿದಳು: "ಹೋಗಿ ಬಾ. ಫೆಬ್ರವರಿ ಒಳ್ಳೆಯದು. ದಾರಿ ಬಿಟ್ಟು ಗದ್ದೆಗೆ ಇಳಿಯಬೇಡ, ಸಿಡಿಯದ ಬಾಂಬು ಇನ್ನೂ ಇವೆ."

ಈ ಮಾತು ನಡೆದ ಶನಿವಾರ ಮಧ್ಯಾಹ್ನ ನಾನು ಮಗಳನ್ನು ಅವರಪ್ಪನ ಹತ್ತಿರ ಬಿಟ್ಟು ಅಂಗಡಿಗೆ ಬಂದಿದ್ದೆ. ಅದು ಶಿವನ ದಯೆ. ಇಂಡಿಯಾದ ಕಂಪ್ಯೂಟರಿನವರನ್ನು ಕರೆಸಬೇಕೋ ಬೇಡವೋ ಎಂದು ಪೇಪರಿನಲ್ಲಿ ಜಗಳ ನಡೆಯುತ್ತಿದ್ದ ಕಾಲ. ತಲೆ ಬೋಳಿಸಿದ ಮೂವರು ನುಗ್ಗಿದರು. ಒಬ್ಬನ ಕೈಯಲ್ಲಿ ಮರದ ಬ್ಯಾಟು. "ನಿಮ್ಮ ದೇಶಕ್ಕೆ ಹೋಗಿ!" ಎನ್ನುತ್ತಲೇ ಮೀನಿನ ಸಾಸಿನ ಶೀಸೆಗಳ ಸಾಲಿಗೆ ಬೀಸಿದ. ಎರಡನೆಯ ಏಟು ಅಕ್ಕನ ತಲೆಗೆ. ರಕ್ತ ಕಣ್ಣಿಗೆ ಇಳಿದರೂ ಅವಳು ಶಟರ್ ಎಳೆಯುವ ಕಬ್ಬಿಣದ ಕೋಲು ತೆಗೆದು ಅವನ ಮಣಿಕಟ್ಟಿಗೆ ಬಾರಿಸಿದಳು. ಎಲುಬು ಲಟ್ಟೆಂದದ್ದು ನನಗೆ ಕೇಳಿಸಿತು.

ಇನ್ನೊಬ್ಬ ನನ್ನ ಕೊರಳಿಗೆ ಕೈ ಹಾಕಿ ಶಿವದಾರ ಹಿಡಿದು ಎಳೆದ. ನಾವು ಲಿಂಗಾಯತರು. ತೊಟ್ಟಿಲಲ್ಲಿದ್ದಾಗ ಕಟ್ಟಿದ ಇಷ್ಟಲಿಂಗ ಆ ದಾರದ ಬೆಳ್ಳಿ ಕರಡಿಗೆಯಲ್ಲಿತ್ತು. ಹೆರಿಗೆಯಲ್ಲೂ ಅದನ್ನು ಕೆಳಗಿಟ್ಟವಳಲ್ಲ ನಾನು. ಅವನ ಕೈ ಕಚ್ಚಿದೆ, ಹಲ್ಲು ಎಲುಬಿಗೆ ತಾಗುವ ತನಕ. ತತ್ತಿ ಸಹ ಮುಟ್ಟದ ಬಾಯಿಗೆ ಮನುಷ್ಯನ ರಕ್ತ ಬಂತು. ಅವನು ಇನ್ನೊಂದು ಕೈಯಿಂದ ಮುಖಕ್ಕೆ ಗುದ್ದಿದ. ದಾರ ಕಡಿಯಿತು. ನಾನು ಗಾಜಿನ ಮೇಲೆ ಬಿದ್ದೆ. ಚೂರು ಹುಬ್ಬು ಸೀಳಿತು, ಕಣ್ಣು ಉಳಿಯಿತು. ಅದೂ ದಯೆಯೇ.

ಅವರು ಓಡಿದ ಮೇಲೆ ನೋಡಿದರೆ ಕರಡಿಗೆ ಬಾಯಿ ತೆರೆದು ಬಿದ್ದಿತ್ತು. ಒಳಗೆ ಲಿಂಗ ಇರಲಿಲ್ಲ.

ಪೊಲೀಸರು ಆಭರಣ ಹೋಗಿದೆ ಎಂದು ಬರೆದುಕೊಂಡರು. "ಆಭರಣ ಅಲ್ಲ, ದೇವರು" ಎಂದೆ. ಅವರ ಫಾರ್ಮಿನಲ್ಲಿ ಅದಕ್ಕೆ ಜಾಗ ಇರಲಿಲ್ಲ. ನೆಲವೆಲ್ಲ ಗಾಜು, ಹರಿದ ಚೀಲದ ಅಕ್ಕಿ, ಮೀನಿನ ನೀರು. ನನ್ನನ್ನು ಅಲ್ಲಿ ನಿಲ್ಲಗೊಡದೆ ಆಸ್ಪತ್ರೆಗೆ ಕಳಿಸಿದರು.

ಲಿಂಗಪೂಜೆಯಾಗದೆ ನಾನು ಹನಿ ನೀರು ಕುಡಿದವಳಲ್ಲ. ಲಿಂಗ ಕಳಕೊಂಡವರು ಬದುಕಬಾರದು ಎಂದೇ ನನ್ನ ಅಜ್ಜಿ ನಂಬಿದ್ದಳು. ರಕ್ತ ನುಂಗಿದ ಬಾಯಿ, ಅದಕ್ಕೇ ಶಿವ ಬಿಟ್ಟುಹೋದ ಎಂದು ನನಗೆ ಅನ್ನಿಸಿತ್ತು.

"ಊರಾಗ ಮಠಕ್ಕ ಫೋನ್ ಮಾಡ್ತೀನಿ. ಸ್ವಾಮಿಗೋಳು ಇನ್ನೊಂದು ಕೊಡ್ತಾರ" ಎಂದರು ನಮ್ಮವರು.

"ಅದು ಬರೂತನಕ ನಂಗ ನೀರು ಬ್ಯಾಡ್ರೀ."

"ಹುಚ್ಚೀ, ಅದು ಬರಾಕ ಹದಿನೈದು ದಿನ ಬೇಕು! ಕೂಸಿನ ಮಾರಿ ನೋಡು. ಇಲ್ಲಿ ಉಪವಾಸ ಬಿದ್ದು ಸತ್ರ ಯಾರ್ ಬರ್ತಾರ ಮಣ್ಣಿಗೆ?"

ರವಿವಾರ ಸಂಜೆಗೆ ನಾಲಿಗೆ ಅಂಗುಳಕ್ಕೆ ಅಂಟಿತು. ಮಗಳು ಲೋಟ ತಂದು ತುಟಿಗೊತ್ತಿ, "ಮಾಮಾ, ಟ್ರಿಂಕ್!", ಅಮ್ಮಾ ಕುಡಿ, ಎಂದು ಜರ್ಮನ್ ಭಾಷೆಯಲ್ಲೇ ಅತ್ತಳು. ನಾನು ಲೋಟ ತಳ್ಳಿದೆ. ನೀರು ಅವಳ ಎದೆ ಮೇಲೆ ಚೆಲ್ಲಿತು. ನಮ್ಮವರು ಗೋಡೆಗೆ ತಲೆ ಜಜ್ಜಿಕೊಂಡರು. ಆ ಮನುಷ್ಯ ಹಾಗೆ ಮಾಡಿದ್ದನ್ನು ಅದಕ್ಕಿಂತ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಸೋಮವಾರ ಬೆಳಿಗ್ಗೆ ಅಕ್ಕ ಬಂದಳು. ತಲೆಗೆ ಏಳು ಹೊಲಿಗೆ, ಒಂದು ಕಣ್ಣು ಬಾತು ಮುಚ್ಚಿತ್ತು. ಬೆರಳಿಗೆಲ್ಲ ಗಾಜು ಕೊಯ್ದ ಗಾಯ. ಎರಡು ದಿನ ಅಂಗಡಿಯ ಅಕ್ಕಿಯನ್ನೆಲ್ಲ ಹಿಡಿಹಿಡಿಯಾಗಿ ಜರಡಿಗೆ ಹಾಕಿದ್ದಳಂತೆ. ಕೊನೆಗೆ ಸಿಕ್ಕಿದ್ದು ಫ್ರೀಜರಿನ ಅಡಿ, ಮೀನಿನ ಸಾಸು ಮಡುಗಟ್ಟಿದ ಕಡೆ. ಬಿಳಿ ಬಟ್ಟೆ ಬಿಚ್ಚಿ ಮುಂದೆ ಹಿಡಿದಳು.

"ತೊಳೆದಿಲ್ಲ ತಂಗಿ. ನಿಮ್ಮ ಪದ್ಧತಿ ಗೊತ್ತಿಲ್ಲ, ಅದಕ್ಕೆ ಮುಟ್ಟಲು ಹೆದರಿದೆ. ಬಟ್ಟೆಯಲ್ಲೇ ಎತ್ತಿದೆ."

ವಾಸನೆ ಗಪ್ಪೆಂದು ಬಡಿಯಿತು. ಕೈ ಮುಂದೆ ಹೋಗಲಿಲ್ಲ. ಅದು ಅವಳಿಗೆ ತಿಳಿಯಿತು. ಬಟ್ಟೆ ಹಿಡಿದ ಕೈ ಕೆಳಗಿಳಿಸದೆ ನಿಂತೇ ಇದ್ದಳು.

ಪೂಜೆಯಲ್ಲಿ ಲಿಂಗ ಹಿಡಿಯುವ ಎಡಗೈ ಚಾಚಿ ತೆಗೆದುಕೊಂಡೆ.

ಮೂರು ನೀರಿನಲ್ಲಿ ತೊಳೆದೆ, ವಿಭೂತಿ ಹಚ್ಚಿದೆ. ವಾಸನೆ ಹೋಗಲಿಲ್ಲ. ನಾಲ್ಕನೆಯ ಸಲ ತೊಳೆಯಲಿಲ್ಲ. ಅಂಗೈಯಲ್ಲಿ ಇಟ್ಟುಕೊಂಡು, ಅವಳಿಗೂ ಪಕ್ಕದಲ್ಲಿ ಚಾಪೆ ಹಾಸಿ, ಪೂಜೆಗೆ ಕೂತೆ.