ಕುಸುಬಿ ಎಣ್ಣೆ ಕುಡಿದ ಗಾಡಿ

ಖಾನಾಪುರದ ಹಳೆಯ ಮನೆಯ ಹಿತ್ತಲಲ್ಲಿ ಬಿದ್ದಿದ್ದ ಅಪ್ಪನ ಮೋಟಾರ್‌ಸೈಕಲ್ಲು ಬೆಳಗಾವಿಗೆ ಬಂದದ್ದು ಹಂಚು ಹೇರಿದ ಲಾರಿಯಲ್ಲಿ. ಶಿವಬಸವ ನಗರದ ನಮ್ಮ ಮನೆಯ ಮುಂದೆ ಅದನ್ನು ಇಳಿಸಿದ ಹಮಾಲರು ಕೈ ಒರೆಸಿಕೊಳ್ಳುತ್ತ, "ಅಕ್ಕಾರ, ಇದನ್ನ ಗುಜರಿ ಭಂಗಾರದಂವಗ ಕೊಟ್ರ ಅಂವಾನೂ ವಿಚಾರ ಮಾಡಿ ತಗೋತಾನ ನೋಡ್ರಿ," ಎಂದು ನಕ್ಕರು. ಟಾಯರುಗಳು ಬಿರಿದು ನೆಲಕ್ಕೆ ಕೂತಿದ್ದವು. ಸೈಲೆನ್ಸರಿನೊಳಗೆ ಇಲಿಗಳು ಭತ್ತದ ಹೊಟ್ಟು ತುಂಬಿ ಸಂಸಾರ ಹೂಡಿದ್ದವು. ನನಗೆ ಮಾತ್ರ ನಗು ಬರಲಿಲ್ಲ, ಯಾಕೆಂದರೆ ನನ್ನ ನೌಕರಿ ಆ ತುಕ್ಕನ್ನು ನೆಚ್ಚಿಕೊಂಡಿತ್ತು.

ಆಗ ಎಂಬತ್ತರ ದಶಕ ಶುರುವಾಗಿತ್ತಷ್ಟೆ. ನಾನು ಗುಂಜಿಯ ಕಡೆಯ ಒಂದು ಸಣ್ಣ ಶಾಲೆಯಲ್ಲಿ ಶಿಕ್ಷಕಿ. ಬೆಳಿಗ್ಗೆ ಪ್ಯಾಸೆಂಜರ್ ಹಿಡಿಯಬೇಕು, ಇಳಿದ ಮೇಲೆ ಕಾಡಿನಂಚಿನ ದಾರಿ ನಡೆಯಬೇಕು, ಸಂಜೆ ಮತ್ತೆ ಸ್ಟೇಶನ್ನಿಗೆ ಬಂದು ರೈಲಿನ ದಾರಿ ಕಾಯಬೇಕು. ಅದು ಮನಸ್ಸು ಬಂದಾಗ ಬರುತ್ತಿತ್ತು. ತಡವಾದ ದಿನ ಅಪ್ಪ ಗೇಟಿನಲ್ಲೇ ನಿಂತಿರುತ್ತಿದ್ದ. ನಾನು ಚಪ್ಪಲಿ ಬಿಡುವ ಮೊದಲೇ ನೌಕರಿ ಬಿಡು ಎನ್ನುವ ಪುರಾಣ ಶುರು. ಒಂದು ಸಂಜೆ ನನಗೂ ತಲೆ ಕೆಟ್ಟಿತು.

"ರೈಲು ನನ್ನ ಮಾತು ಕೇಳೂದಿಲ್ಲ. ನಿನ್ನ ಗಾಡಿ ಕೊಡು, ಹೊತ್ತಿಗೆ ಸರಿಯಾಗಿ ಮನಿಗೆ ಬರ್ತೀನಿ," ಎಂದೆ.

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ದನದ ದವಾಖಾನೆಯ ನೌಕರಿಯಲ್ಲಿದ್ದಾಗ ಕಣಕುಂಬಿಯವರೆಗೂ ಆ ಗಾಡಿಯ ಮೇಲೆ ಅಡ್ಡಾಡಿದವನು. ಸೊಂಟನೋವು ಹತ್ತಿದ ಮೇಲೆ ಅದನ್ನು ಹಿತ್ತಲಿಗೆ ದೂಡಿ ಮರೆತುಬಿಟ್ಟಿದ್ದ. "ಅದನ್ನ ನಿನ್ನ ಕೈಲೆ ಚಾಲೂ ಮಾಡಿ ತೋರಸು. ಅವತ್ತಿಂದ ಗಾಡಿ ನಿಂದು, ನೌಕರಿನೂ ನಿಂದು. ಆಗಲಿಲ್ಲಂದ್ರ ಸುಮ್ನ ನಾ ತೋರಿಸಿದ ಹುಡುಗನ್ನ ಮಾಡ್ಕೊಂಡು ಹೋಗು," ಎಂದ. ದಿನಾ ಲಿಂಗಪೂಜೆ ಮಾಡಿ, ಆಡಿದ ಮಾತಿಗೆ ತಪ್ಪಬಾರದೆಂದು ಓಣಿಗೆಲ್ಲ ಬುದ್ಧಿ ಹೇಳುವ ಮನುಷ್ಯ. ನಾನು ನಂಬಿದೆ.

ರವಿವಾರ ಬಂತೆಂದರೆ ಮುಂದಿನ ಕಟ್ಟೆಯ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು ಕೂರುತ್ತಿದ್ದೆ. ತುಕ್ಕು ತಿಕ್ಕಲು ಇಟ್ಟಂಗಿ ಪುಡಿ, ಹುಣಸೆಹಣ್ಣು, ತೆಂಗಿನ ನಾರು. ಹಬ್ಬದ ಹಿತ್ತಾಳೆ ಪಾತ್ರೆಗಳನ್ನೆಲ್ಲ ಬೆಳಗಿದ ಕೈಗೆ ಇದೇನು ಹೊಸದಲ್ಲ. ಹೊಸದೆಂದರೆ ನಟ್ಟುಗಳ ಹಟ. ಸೀಮೆಎಣ್ಣೆಯಲ್ಲಿ ನೆನೆಸಿದರೂ ಅಲುಗುತ್ತಿರಲಿಲ್ಲ. ಅಲುಗಿದರೆ ತಲೆ ಮುರಿದುಕೊಂಡು ಕೈಗೆ ಬರುತ್ತಿದ್ದವು. ನನ್ನ ಬೆರಳ ಗೆಣ್ಣುಗಳೆಲ್ಲ ಸುಲಿದುಹೋಗಿ, ಸೋಮವಾರ ಶಾಲೆಯಲ್ಲಿ ಸೀಮೆಸುಣ್ಣ ಹಿಡಿದರೂ ಉರಿಯುತ್ತಿತ್ತು. ಅಪ್ಪ ಬೆತ್ತದ ಖುರ್ಚಿ ಹಾಕಿಕೊಂಡು ಕೂತು, "ಹಂಗಲ್ಲ," "ಅದಲ್ಲ," ಎನ್ನುತ್ತಿದ್ದ. ಹಾಗಾದರೆ ಹೆಂಗ ಎಂದು ಕೇಳಿದರೆ, "ನಿನ್ನ ಕೈಲೆ ಅಂತ ಮಾತಾಗೇತಿ," ಎಂದು ಪತ್ರಿಕೆ ಮುಖಕ್ಕೆ ಹಿಡಿಯುತ್ತಿದ್ದ. ಆ ಪತ್ರಿಕೆಯನ್ನು ಕಸಿದು ಹರಿಯಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅಂತೂ ಟಾಯರು, ಪ್ಲಗ್ಗು, ವೈರು ಎಲ್ಲ ಹೊಸದಾಗಿ ಹಾಕಿ, ಪೆಟ್ರೋಲ್ ತುಂಬಿ ಕಿಕ್ ಹೊಡೆದೆ. ಗಾಡಿ ಕೆಮ್ಮಿತು, ಹೊಗೆ ಕಾರಿತು, ಶುರುವಾಯಿತು! ಅವ್ವ ಒಳಗಿನಿಂದ ಓಡಿಬರುವಷ್ಟರಲ್ಲಿ ಸತ್ತೇಹೋಯಿತು. ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಕಾರ್ಬುರೇಟರ್ ಬಿಚ್ಚಿದರೆ ಅದರ ಸೂಜಿಗಂಡಿಯಲ್ಲಿ ಕಂದು ಬಣ್ಣದ ಹೊಪ್ಪಳಿಕೆ ಸಿಕ್ಕಿಕೊಂಡಿತ್ತು. ತೆಗೆದೆ, ತೊಳೆದೆ, ಜೋಡಿಸಿದೆ. ಮತ್ತೆ ಶುರುವಾಯಿತು, ಮತ್ತೆ ಸತ್ತಿತು. ಬಿಚ್ಚಿದರೆ ಮತ್ತದೇ ಕಂದು ಹೊಪ್ಪಳಿಕೆ. ಎಲ್ಲಿಂದ ಬರುತ್ತದೆ ಈ ಹಾಳಾದ್ದು? ಮುಂದಿನ ವಾರವೂ ಅದೇ ಹಾಡು, ಅದರ ಮುಂದಿನ ವಾರವೂ ಅದೇ. ಕಣ್ಣು ಕಟ್ಟಿದರೂ ಆ ಕಾರ್ಬುರೇಟರ್ ಬಿಚ್ಚಿ ಹಾಕುವಷ್ಟು ಅಭ್ಯಾಸವಾಯಿತು. ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು, "ಇವತ್ತರೆ ಹೋಗತದೇನ್ರಿ ಟೀಚರ?" ಎಂದು ಕೇಳುವುದು ರೂಢಿಯಾಯಿತು. ಒಮ್ಮೆ ಸಿಟ್ಟಿಗೆ ನಟ್ಟು ಬಿಚ್ಚುವ ಪಾನಾ ಎಸೆದೆ. ಅದು ತುಳಸಿಕಟ್ಟೆಗೆ ಬಡಿದು ಸುಣ್ಣ ಉದುರಿತು, ಅವ್ವನ ಬೈಗುಳವೂ ಉದುರಿತು.

ಕೊನೆಗೊಂದು ದಿನ ಅತ್ತುಬಿಡುವ ಹಾಗಾಗಿ, ಆ ಹೊಪ್ಪಳಿಕೆಯನ್ನೇ ಬೆರಳಲ್ಲಿ ತಿಕ್ಕಿ ಮೂಸಿ ನೋಡಿದೆ. ಪೆಟ್ರೋಲಿನ ಅಡಿಯಲ್ಲಿ ಇನ್ನೊಂದು ಕಮಟು ವಾಸನೆ. ಹೋಳಿಗೆ ಬೇಯಿಸುವ ಹಂಚಿನ ಅಂಚಿಗೆ ಹಳೆಯ ಎಣ್ಣೆ ಅಂಟಿ, ಒಣಗಿ, ಉಗುರಿನಿಂದ ಕೆರೆದರೂ ಹೋಗದಂತೆ ಕೂತಿರುತ್ತದಲ್ಲ, ಅದೇ.

"ಅವ್ವಾ, ನೀ ಏನರೆ ಹಾಕೀಯೇನ ಇದರಾಗ?"

ಅವ್ವನ ಮುಖ ಅರಳಿತು. "ಮತ್ತ ಹಾಕಲಾರದ ಬಿಡ್ತೀನೇನ? ಪ್ರತಿ ಖಂಡೇನವಮಿಗೆ ಖಾನಾಪುರಕ್ಕ ಹೋಗಿ ವಿಭೂತಿ ಕುಂಕುಮ ಹಚ್ಚಿ, ಮ್ಯಾಲೆಲ್ಲಾ ಕುಸುಬಿ ಎಣ್ಣಿ ಸವರಿ, ಹೊಟ್ಟ್ಯಾಗೂ ಒಂದು ಸೌಟು ಹಾಕೀನಿ. ಕಬ್ಬಿಣ ಅಂದ ಮ್ಯಾಲ ಎಣ್ಣಿ ಬ್ಯಾಡನ? ನಮ್ಮ ತವರಾಗ ಬಿತ್ತಿಗಿ ಮುಗದ ಮ್ಯಾಲ ನೇಗಲಾ, ಕೂರಿಗಿ, ಗಳೇ ಸಾಮಾನೆಲ್ಲಾ ಹಂಗ ಎಣ್ಣಿ ಹಚ್ಚಿ ಇಡತಿದ್ರು. ನಿಮ್ಮಪ್ಪ ಹೊಳ್ಳಿ ನೋಡಲಿಲ್ಲ. ನಾನರೆ ನೋಡ್ಕೊಂಡೆ."

ಹೊಟ್ಟೆಯೆಂದರೆ ಪೆಟ್ರೋಲ್ ಟ್ಯಾಂಕು. ಗಾಡಿ ನಿಂತ ವರ್ಷಗಳುದ್ದಕ್ಕೂ ನಮ್ಮವ್ವ ಅದಕ್ಕೆ ಭಕ್ತಿಯಿಂದ ಕುಸುಬಿ ಎಣ್ಣೆ ಕುಡಿಸುತ್ತ ಬಂದಿದ್ದಳು. ಅದು ಒಳಗೆ ಗೋಂದಾಗಿ, ಅರಗಾಗಿ, ಈಗ ಪೆಟ್ರೋಲಿಗೆ ನೆನೆದು ಎದ್ದೆದ್ದು ಬರುತ್ತಿತ್ತು. ನನಗೆ ಕೂಗಿಕೊಳ್ಳಬೇಕೆನ್ನಿಸಿತು. ಆದರೆ ಯಾರ ಮೇಲೆ ಕೂಗಲಿ? ಆ ಮನೆಯಲ್ಲಿ ಗಾಡಿಗೆ ದಿಕ್ಕಾಗಿ ನಿಂತವಳು ಅವಳೊಬ್ಬಳೇ. ಹಲ್ಲು ಕಚ್ಚಿಕೊಂಡು ಟ್ಯಾಂಕು ಬಿಚ್ಚಿದೆ.

ಪೆಟ್ರೋಲ್ ಚೆಲ್ಲಿ, ಟ್ಯಾಂಕನ್ನು ದಿನವಿಡೀ ಗಾಳಿಗಿಟ್ಟು, ಆಮೇಲೆ ಕುದಿನೀರು, ಬಟ್ಟೆ ಒಗೆಯುವ ಸೋಡಾ ಮತ್ತು ಸಣ್ಣ ಹರಳುಗಳನ್ನು ತುಂಬಿದೆ. ಬಾಯಿಗೆ ಬೆಂಡು ಬಡಿದು, ಗೋಣಿಚೀಲದಲ್ಲಿ ಸುತ್ತಿ, ಒಂದು ತುದಿ ನಾನು, ಇನ್ನೊಂದು ತುದಿ ಅವ್ವ ಹಿಡಿದು ಕುಲುಕಿದೆವು. ಒಳಗಿಂದ ಬಂದ ನೀರು ಬೆಲ್ಲದ ಪಾಕದಂತಿತ್ತು. ಅವ್ವ ಅದನ್ನು ನೋಡಿ, "ಇಷ್ಟೆಲ್ಲಾ ನಾನ ಹಾಕೀನೇನ?" ಎಂದು ಸಣ್ಣ ದನಿಯಲ್ಲಿ ಕೇಳಿದಳು. ಆಮೇಲೆ ತೋಳು ಬಿದ್ದುಹೋಗುವವರೆಗೂ ಬಿಡದೆ ಕುಲುಕಿದಳು. ನೀರು ತಿಳಿಯಾಗುವವರೆಗೆ ಇದೇ ಕೆಲಸ.

ಗಾಡಿ ಶುರುವಾಯಿತು. ಸಾಯಲಿಲ್ಲ. ಅಜ್ಜಿಯ ಕಾಲದ ದೊಡ್ಡ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಓಣಿಯಾಚೆಯ ಬಯಲಲ್ಲಿ ಬಿದ್ದೆದ್ದು ಓಡಿಸಲು ಕಲಿತೆ. ಅಪ್ಪ ಬಯಲಿನ ಅಂಚಿಗೆ ಬಂದು, ಹಿಂದಿನ ಟಾಯರು ಒಮ್ಮೆ ಒತ್ತಿ ನೋಡಿ ಹೋದ. ಮಾತು ಉಳಿಸಿಕೊಳ್ಳುತ್ತಾನೆ ಎಂದು ನಾನು ಹಿಗ್ಗಿದೆ.

ಮುಂದಿನ ರವಿವಾರ ಮನೆಗೆ ವರನ ಕಡೆಯವರು ಬಂದರು. ನನಗೆ ಬೆಳಿಗ್ಗೆಯಷ್ಟೇ ಹೇಳಿದ್ದರು. ಅವಲಕ್ಕಿಯ ತಾಟು ಹಿಡಿದು ಹೊರಗೆ ಬಂದರೆ, ಹುಡುಗ ಕಟ್ಟೆಯ ಮುಂದೆ ನಿಂತಿದ್ದ ನನ್ನ ಗಾಡಿಯ ಮೇಲೆ ಕೂತಿದ್ದ. ಅಪ್ಪ ಅವನ ತಂದೆಗೆ ಹೇಳುತ್ತಿದ್ದ: "ಗಾಡಿ ಹುಡುಗೀದ ಐತ್ರಿ. ಹುಡುಗೀ ಜೋಡಿ ನಿಮ್ಮ ಮನಿಗೇ ಬರ್ತೈತಿ."

ಗಾಡಿ ನಿಂದು ಎಂದರೆ ಇದು! ಮಾತಿಗೆ ಕೂದಲೆಳೆಯಷ್ಟೂ ತಪ್ಪದೆ ನನ್ನ ಗಾಡಿಯನ್ನು ವರದಕ್ಷಿಣೆಗೆ ಇಟ್ಟಿದ್ದ.

"ಭಾರೀ ತಯಾರ್ ಮಾಡ್ಸೀರಲ್ಲ. ಮೇಸ್ತ್ರಿ ಯಾರ್ರಿ?" ಎಂದು ಹುಡುಗನ ತಂದೆ ಕೇಳಿದರು.

ಅಪ್ಪ ನನ್ನ ಕಡೆ ನೋಡಲಿಲ್ಲ. "ಅದಾನ್ರಿ ಒಬ್ಬಂವ, ಪ್ಯಾಟ್ಯಾಗ," ಎಂದ.

"ಮೇಸ್ತ್ರಿ ನಾನ ರೀ," ಎಂದೆ.

ಎಲ್ಲರೂ ನಕ್ಕರು. ಹುಡುಗ ನಕ್ಕ, ಅವನ ತಾಯಿ ಸೆರಗು ಬಾಯಿಗೆ ಹಿಡಿದು ನಕ್ಕರು. ಅಪ್ಪನೂ ನಕ್ಕ. ಗಾಡಿ ಕೊಟ್ಟದ್ದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ, ಆ ನಗುವನ್ನು ನುಂಗಲಾಗಲಿಲ್ಲ. ತಾಟನ್ನು ಕೆಳಗಿಟ್ಟು, ಹುಡುಗನಿಗೆ "ಸ್ವಲ್ಪ ಇಳೀರಿ," ಎಂದೆ. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಳಗಿಂದ ಪಾನಾ ತಂದು, ಪೆಟ್ರೋಲಿನ ನಳ ಬಂದ್ ಮಾಡಿ ಕುಕ್ಕರಗಾಲಲ್ಲಿ ಕೂತೆ. ಕಾರ್ಬುರೇಟರ್ ಬಿಚ್ಚಿದೆ. ಸೂಜಿ, ತೇಲುಗುಂಡು, ಸ್ಪ್ರಿಂಗು, ಸ್ಕ್ರೂ, ಒಂದೊಂದನ್ನೂ ಅವರ ಕಾಲ ಮುಂದೆ ಸಾಲಾಗಿ ಜೋಡಿಸಿಟ್ಟೆ. ಅಷ್ಟಕ್ಕೇ ಬಿಡದೆ ಸರಪಳಿಯನ್ನೂ ಕಳಚಿದೆ. ನಗು ಯಾವಾಗ ನಿಂತಿತೋ ನನಗೆ ಗೊತ್ತಾಗಲಿಲ್ಲ. ತಲೆಯೆತ್ತಿದಾಗ ಹುಡುಗನ ತಂದೆ ಚಪ್ಪಲಿ ಹುಡುಕುತ್ತಿದ್ದರು.

ಅವರು ಹೋದ ಮೇಲೆ ಅಪ್ಪ ಆ ಬಿಡಿಭಾಗಗಳ ಮುಂದೆ ಬಂದು ನಿಂತ. ಬೈಯುತ್ತಾನೆಂದು ಕಾಯ್ದೆ.

"ಇನ್ನ ಇದನ್ನ ಯಾರು ಜೋಡಸಬೇಕು?" ಎಂದ.

"ಗಾಡಿ ಯಾರದೋ ಅವರು ಜೋಡಸ್ತಾರ," ಎಂದೆ.

ಅಪ್ಪ ಸೊಂಟ ಹಿಡಿದುಕೊಂಡು ಬಗ್ಗಿ, ಮೆಟ್ಟಿಲ ಕಡೆ ಉರುಳಿಹೋಗಿದ್ದ ಒಂದು ಸ್ಕ್ರೂ ಎತ್ತಿ, ಧೋತರಕ್ಕೆ ಒರೆಸಿ ನನ್ನ ಮುಂದೆ ಚಾಚಿದ.

"ಜೋಡಸವಾ ಹಂಗಾರ," ಎಂದ. "ನಾಳೆ ಸಾಲಿಗೆ ಹೋಗಬೇಕಲ್ಲ."